ತೊಂಬತ್ತೊಂದು ಹೊರುವಷ್ಟು

ಸೀಮೆಸುಣ್ಣದ ತುಂಡನ್ನು ಟಯರಿನ ಪಕ್ಕೆಗೆ ಒತ್ತಿ ಉಜ್ಜುತ್ತಾರೆ ಲೆಪೆಕಾ. ಕಪ್ಪು ರಬ್ಬರಿನ ಮೇಲೆ ಉಬ್ಬಿದ ಅಂಕಿಗಳು ಒಂದೊಂದಾಗಿ ಬೆಳ್ಳಗೆ ಏಳುತ್ತವೆ: 195/65 R15 91H. ಕೊನೆಯಲ್ಲಿ ಕೈ ನಿಲ್ಲುತ್ತದೆ. ಹೆಬ್ಬೆರಳಿಗೆ ಎಂಜಲು ಹಚ್ಚಿ ಒರೆಸಿ ಮತ್ತೆ ಉಜ್ಜುತ್ತಾರೆ. ತೊಂಬತ್ತೊಂದು ತೊಂಬತ್ತೊಂದಾಗಿಯೇ ಉಳಿಯುತ್ತದೆ.

"ಇದು ಆಗಲ್ಲ ಕಣೋ ಫಿಲಿಪೊ."

ಜ್ಯಾಕಿನ ಮೇಲೆ ನಿಂತ ಚರ್ಚಿನ ವ್ಯಾನಿಗೆ ಒರಗಿ ಲೋಟದ ಬಿಸಿ ಕೊಕೊ ಹೀರುತ್ತಿದ್ದ ಅಣ್ಣನ ಮಗ ನಗುತ್ತಾನೆ. ವ್ಯಾನಿನ ಚಾಲಕ ಅವನೇ. "ಯಾಕತ್ತೆ? ಹಳೇದ್ರ ಮೇಲೂ ನೂರತೊಂಬತ್ತೈದು, ಇದ್ರ ಮೇಲೂ ನೂರತೊಂಬತ್ತೈದು. ಅಲ್ಲೂ ಹದಿನೈದು, ಇಲ್ಲೂ ಹದಿನೈದು. ಅಪ್ಪ ಹಳೇದ್ರ ಫೋಟೋ ನೋಡ್ಕೊಂಡೇ ಕಳ್ಸಿರೋದು."

"ತಲೆ ಬಾಲ ನೋಡಿ ಹಂದಿ ಕೊಳ್ತೀಯೇನೋ? ಹೊಟ್ಟೆ ನೋಡಲ್ವಾ?"

ದ್ವೀಪದಂಚಿನ ಊರು ಸಲೆಲೊಲೊಗದ ಹಡಗುಕಟ್ಟೆಯ ಹಿಂದೆ, ದೀವಿಹಲಸಿನ ಮರದಡಿ ಲೆಪೆಕಾ ಅವರ ತಗಡಿನ ಅಂಗಡಿ. ಮೊದಲ ಫೆರಿ ಇನ್ನೂ ಕೂಗಿಲ್ಲ. ಹಿಂದೆ ಇದೇ ಕಟ್ಟೆಯಲ್ಲಿ ಕೆಸುವಿನ ಗೆಡ್ಡೆ ಮಾರುತ್ತಿದ್ದರು. ಆಮೇಲೆ ಕಂಟೇನರ್ ಇಳಿಸುವ ಕೂಲಿ ಸಿಕ್ಕಿತು. ನ್ಯೂಜಿಲೆಂಡಿನಿಂದ ಬರುವ ಹಳೆಯ ಟಯರುಗಳನ್ನು ಅಳತೆ ನೋಡಿ ಬೇರ್ಪಡಿಸಬೇಕಿತ್ತು. ಯಾವ ಅಂಕಿ ಏನೆಂದು ಕೇಳಿದರೆ ಗಂಡಸರು ಕೀಟಲೆ ಮಾಡುತ್ತಿದ್ದರು. ಹೊಂದದ ಟಯರನ್ನು ಚಕ್ರಕ್ಕೆ ಬಲವಂತವಾಗಿ ಏರಿಸಲು ಹೋಗಿ ಎಡಗೈಯ ಉಗುರೊಂದು ಹೋಯಿತು, ಮತ್ತೆ ಬೆಳೆಯಲಿಲ್ಲ. ಅಲ್ಲಿಂದಾಚೆಗೆ ಅಂಕಿ ಓದದೆ ಟಯರು ಮುಟ್ಟಿದ್ದಿಲ್ಲ.

"ಜನ ಹೊಳಪು ನೋಡ್ತಾರೆ," ಎನ್ನುತ್ತಾರೆ. "ತೆಂಗಿನೆಣ್ಣೆ ಸವರಿದ್ರೆ ಮುದಿ ಟಯರೂ ಮದುಮಗ. ಹುಟ್ಟಿದ ವಾರ, ವರ್ಷ ಪಕ್ಕದಲ್ಲೇ ನಾಲ್ಕಂಕಿಲಿ ಬರ್ದಿರುತ್ತೆ. ಬಗ್ಗಿ ನೋಡೋಕೆ ಸೊಂಟ ನೋವು."

ಈ ಟಯರುಗಳು ಮುದಿಯಲ್ಲ. ಹೊಚ್ಚಹೊಸವು. ಆಕ್ಲೆಂಡಿನ ಗೋದಾಮಿನಲ್ಲಿ ದುಡಿಯುವ ಅಣ್ಣ ಮಸೆಲಿನೊ ಕಳಿಸಿದ ಕಾಣಿಕೆ. ಕಳೆದ ಭಾನುವಾರ ಚರ್ಚಿನಲ್ಲಿ ಅವನ ಹೆಸರು ಗಟ್ಟಿಯಾಗಿ ಕೂಗಿ ಹೇಳಿದ್ದಾರೆ. ನಾಳೆ ಬಿಳಿ ಭಾನುವಾರ, ಚರ್ಚಿನಲ್ಲಿ ಮಕ್ಕಳ ಹಬ್ಬ. ಊರಿನ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಇದೇ ವ್ಯಾನಿನಲ್ಲಿ ಗುಡ್ಡದಾಚೆಯ ಚರ್ಚಿಗೆ ಹೋಗಬೇಕು. ತಂಗಿಯ ಮಾತನ್ನು ಅಣ್ಣ ಮೀರುವಂತಿಲ್ಲ, ಅಣ್ಣನ ಮುಖಕ್ಕೆ ತಂಗಿ ಮಸಿ ಬಳಿಯುವಂತಿಲ್ಲ. ಇಲ್ಲಿನ ಕಟ್ಟಳೆಯಲ್ಲಿ ಎರಡೂ ಒಂದೇ ಗಂಟು.

ಫಿಲಿಪೊ ಅಪ್ಪನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಟಯರಿನ ಮೇಲೆ ಇಡುತ್ತಾನೆ.

"ಏನು ಕಮ್ಮಿಯಾಯ್ತು ಲೆಪೆಕಾ?" ಮಸೆಲಿನೊನ ದನಿಯಲ್ಲಿ ನೋವಿದೆ. "ಅಳತೆ ಸರಿಯಾಗಿದೆಯಲ್ಲ."

"ಮೊದಲನೇದು ಅಗಲ. ಹದಿನೈದು ಚಕ್ರದ ಇಂಚು. ಅಷ್ಟು ಸರಿ ಇದ್ರೆ ಕೂರುತ್ತೆ ಅಣ್ಣಾ. ಕೂತಿದ್ದೆಲ್ಲ ಹೊರಲ್ಲ. ನಡುವಿನ ಅರವತ್ತೈದು ನೋಡು, ಪಕ್ಕೆ ಎತ್ತರ ಅದು, ವ್ಯಾನಿಗೆ ಗಿಡ್ಡ. ಕೊನೇಲಿ ತೊಂಬತ್ತೊಂದು ಅಂದ್ರೆ ಒಂದೊಂದು ಆರುನೂರ ಹದಿನೈದು ಕಿಲೋ ಹೊರುತ್ತೆ, ಅಷ್ಟೇ. ಕಾರಿಗೆ ಮಾಡಿದ್ದು. ವ್ಯಾನಿಗೆ ಹಳೇದ್ರ ಮೇಲಿರೋ ಹಾಗೆ ನೂರ ಆರು ಬೇಕು. ಅಂದ್ರೆ ಒಂಬೈನೂರ ಐವತ್ತು ಕಿಲೋ."

"ಮಕ್ಕಳು ಎಷ್ಟು ಭಾರ ಇರ್ತಾರೆ?"

"ಮಕ್ಕಳ ಜತೆ ಅಜ್ಜಿಯರೂ ಹತ್ತಲ್ವಾ? ಅಜ್ಜಿಯರ ತೊಡೆ ಮೇಲೆ ಅಡುಗೆ ಪಾತ್ರೆ! ನಮ್ಮೂರ ಅಜ್ಜಿಯರನ್ನ ಮರ್ತೆಯಾ?"

ಫಿಲಿಪೊ ಕಿಸಕ್ಕೆನ್ನುತ್ತಾನೆ. ಆ ಕಡೆ ನಗುವಿಲ್ಲ.

"ಒಂದೇ ದಿನ ಹಾಕು. ನಿಧಾನ ಹೋಗ್ಲಿ. ಜನ ನೋಡ್ಲಿ, ಆಮೇಲೆ ಬಿಚ್ಚು. ತಪ್ಪೆಲ್ಲ ನಂದು."

"ಇಳಿಜಾರಲ್ಲಿ ಒಡೆದ್ರೆ ತಪ್ಪು ಯಾರದು ಅಂತ ಟಯರು ಕೇಳಲ್ಲ."

ಲೆಪೆಕಾ ಬಗ್ಗಿ ವ್ಯಾನಿನಿಂದ ಬಿಚ್ಚಿಟ್ಟ ಹಳೆಯ ಟಯರುಗಳ ಕಚ್ಚುಗಳಿಗೆ ಬೆರಳು ತೂರಿಸಿ ನೋಡುತ್ತಾರೆ. ಸವೆದಿವೆ, ಆದರೆ ಸವೆತದ ಮಿತಿ ತೋರಿಸುವ ತಳದ ದಿಬ್ಬಗಳ ಮಟ್ಟಕ್ಕೆ ಇಳಿದಿಲ್ಲ. ಪಕ್ಕೆಯಲ್ಲಿ ಬಿರುಕೂ ಇಲ್ಲ. "ಇವನ್ನೇ ವಾಪಸ್ ಹಾಕ್ತೀನಿ. ಮೊದ್ಲು ಮಕ್ಕಳು. ಅಜ್ಜಿಯರು ಎರಡನೇ ಸಲ. ತಿಳೀತೇನೋ?"

"ಬೈಸ್ಕೊಳ್ಳೋನು ನಾನು," ಎನ್ನುತ್ತಾನೆ ಫಿಲಿಪೊ.

ಒಂದೊಂದೇ ಚಕ್ರಕ್ಕೆ ಹಳೆಯ ಟಯರು ಏರುತ್ತದೆ. ಈ ಕೆಲಸಕ್ಕೆ ಲೆಪೆಕಾ ಕೂಲಿ ಪಡೆಯುವುದಿಲ್ಲ, ಚರ್ಚಿನದಲ್ಲವೇ. ಮರದ ಕೆಳಗೆ ಅವರ ಸ್ವಂತ ಕಾರಿದೆ. ಅದರ ಟಯರುಗಳು ಅಂಗೈಯಷ್ಟು ನುಣುಪು, ಮಳೆ ಬಂದ ದಿನ ಅವರು ಅದನ್ನು ಹೊರಗೆ ತೆಗೆಯುವುದಿಲ್ಲ. ಅಳತೆ: ನೂರತೊಂಬತ್ತೈದು, ಅರವತ್ತೈದು, ಹದಿನೈದು. ಫಿಲಿಪೊ ಅದನ್ನು ಕಂಡು ಫೋನಿನಲ್ಲಿ ಪಿಸುಗುಡುತ್ತಾನೆ.

"ಲೆಪೆಕಾ!" ಮಸೆಲಿನೊನ ದನಿ ಒಮ್ಮೆಗೇ ಹಗುರಾಗಿದೆ. "ನಿನ್ನ ಕಾರಿಗೆ ಸರಿಹೋಗುತ್ತಂತಲ್ಲ! ನಾಲ್ಕೂ ನೀನೇ ಹಾಕ್ಕೋ. ನನ್ನ ತಂಗಿಗೆ ಕೊಟ್ಟೆ ಅಂತೀನಿ, ನನ್ನ ಮುಖಾನೂ ಉಳಿಯುತ್ತೆ."

ಲೆಪೆಕಾ ಹೊಸ ಟಯರಿನ ಚೂಪು ಕಚ್ಚುಗಳ ಮೇಲೆ ಕೈಯಾಡಿಸುತ್ತಾರೆ.

"ವ್ಯಾನಿಗಾಗಲ್ಲ ಅಂದವಳು ತನ್ನ ಕಾರಿಗೆ ಏರಿಸ್ಕೊಂಡ್ಲು ಅಂತಾರೆ. ಆಮೇಲೆ ನಾನು ಯಾವ ಟಯರಿನ ಅಂಕಿ ಓದಿದ್ರೂ ನಂಬಲ್ಲ."

"ಯಾರಂತಾರೆ? ಅಣ್ಣ ಕೊಡ್ತಿದ್ದೀನಿ, ತಗೋ!"

"ಬೇಡ. ಇದು ತಂಗಿಯ ಮಾತು."