ಸುಣ್ಣದ ಗೆರೆಯ ಆಚೆ

ನಮ್ಮ ರಾಷ್ಟ್ರೀಯ ಯುವಕ ಸಂಘದ ಚರಿತ್ರೆ ಬರೆಯುವ ಕೆಲಸವನ್ನು ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತಲೆಗೆ ಕಟ್ಟಿದರು. ಹಗಲು ಅಡ್ಯಾರಿನಲ್ಲಿ ವಿಮಾ ಕಚೇರಿ, ಸಂಜೆಯಾದರೆ ಸಂಘದ ಜಿಲ್ಲಾ ಕಾರ್ಯದರ್ಶಿಗಿರಿ. ಚರಿತ್ರೆಯೆಂದರೆ ಏನು ಮಹಾ! ಸ್ವಾತಂತ್ರ್ಯ ಬಂದ ಹೊಸದರಲ್ಲಿ ಉತ್ತರದಲ್ಲೆಲ್ಲೋ ಹುಟ್ಟಿತು, ಊರೂರಿಗೂ ಒಂದು ವಾಲಿಬಾಲ್ ನೆಟ್, ಒಂದು ರಾತ್ರಿ ಶಾಲೆ ಕೊಟ್ಟಿತು. ಮೂವತ್ತೈದು ತುಂಬಿದವರು ಕಿರಿಯರಿಗೆ ಜಾಗ ಬಿಡಬೇಕೆಂದು ಹಿರಿಯರು ಮಾಡಿದ ನಿಯಮವನ್ನು ನಾನು ಬಾಯ್ತುಂಬ ಹೊಗಳಿ ಬರೆದೆ. ಜಿಲ್ಲಾ ಮಟ್ಟದ ಪದಾಧಿಕಾರಿಗಳಿಗೆ ಆ ನಿಯಮ ತಗಲುವುದಿಲ್ಲ ಎಂಬುದನ್ನು ಮಾತ್ರ ಬರೆಯಲಿಲ್ಲ. ನನಗಾಗಲೇ ನಲವತ್ತು ದಾಟಿತ್ತು.

ಕಡಲ ದಂಡೆಯ ಎಣ್ಣೂರಿನ ಶಾಖೆ ನಡೆಸುತ್ತಿದ್ದವನು ನನ್ನ ಹಾಗೇ ತಮಿಳರ ನಡುವೆ ನೆಲೆಸಿದ ಕನ್ನಡಿಗ, ಕೋಲಾರದ ಕಡೆಯ ರೈಲ್ವೆ ಕುಟುಂಬದವನು. ಮೀನುಗಾರರ ಮಕ್ಕಳಿಗೆ ಪಾಠಕ್ಕೂ ಅವನೇ, ಆಟಕ್ಕೂ ಅವನೇ. ಮದುವೆ ಯಾವಾಗಪ್ಪಾ ಎಂದರೆ, "ಸಂಘ ಇದೆಯಲ್ಲ ಅಣ್ಣಾ" ಎಂದು ನಗುತ್ತಿದ್ದ. ಅವನಿಗೆ ಮೂವತ್ತೈದು ತುಂಬಿತು. ಹೇಳಲು ನಾನೇ ಹೋದೆ.

"ಇನ್ನೊಂದು ವರ್ಷ ಬಿಡಿ ಅಣ್ಣಾ. ಈ ಪಸಂಗ, ಈ ಹುಡುಗ್ರು, ಹತ್ತನೇ ಕ್ಲಾಸ್ ಮುಗಿಸ್ಲಿ. ಆಮೇಲೆ ನಾನಾಗೇ ಹೋಗ್ತೀನಿ."

"ರೂಲ್ಸ್ ಅಂದ್ರೆ ರೂಲ್ಸ್ ಕಣಪ್ಪಾ," ಎಂದೆ.

ಆ ಶಾಖೆಯಲ್ಲೊಂದು ಪದ್ಧತಿಯಿತ್ತು. ವಯಸ್ಸು ಮೀರಿದವನು ಆಟದ ಅಂಕಣದ ಸುಣ್ಣದ ಗೆರೆಯನ್ನು ಕೊನೆಯ ಸಲ ತಾನೇ ಎಳೆದು, ಎಲ್ಲರೆದುರು ಅದನ್ನು ದಾಟಿ ಹೊರಗೆ ನಿಲ್ಲಬೇಕು. ಮತ್ತೆ ಅಂಕಣಕ್ಕಾಗಲಿ ರಾತ್ರಿ ಶಾಲೆಗಾಗಲಿ ಕಾಲಿಡುವಂತಿಲ್ಲ. ಅವನು ಎಳೆಯುವಾಗ ಗೆರೆ ಒಂದು ಕಡೆ ಸೊಟ್ಟಗಾಯಿತು. ಕಾಲಿನಿಂದ ಅಳಿಸಿ ಮತ್ತೆ ಎಳೆದು, ದಾಟಿದ. ನಾನು ಚಪ್ಪಾಳೆ ತಟ್ಟಿದೆ. ಥೂ! ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ, "ನಿಮಗೆಷ್ಟು ವಯಸ್ಸು ಅಂತ ಅವನು ಕೇಳ್ಲಿಲ್ವಾ? ಹೇಳೋದು ಶಾಸ್ತ್ರ, ಹಾಕೋದು ಗಾಳ!" ಎಂದಳು. ನನಗೆ ರೇಗಿತು. ರೇಗಿದ್ದು ಅವಳ ಮೇಲಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕೆಲವು ತಿಂಗಳಾದ ಮೇಲೆ ಸಂಘದ ಪಂದ್ಯಾವಳಿಗೆ ಎಣ್ಣೂರಿಗೆ ಹೋದೆ. ಅವನನ್ನು ಸಲಹೆಗಾರನನ್ನಾಗಿ ಮಾಡಿಬಿಡೋಣ, ಪಾಠವಾದರೂ ಮುಂದುವರಿಯಲಿ ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ರಾತ್ರಿ ಶಾಲೆಗೆ ಬೀಗ ಬಿದ್ದಿತ್ತು. ಪಾಠ ಹೇಳಲು ಬೇರೆ ಯಾರೂ ಸಿಕ್ಕಿರಲಿಲ್ಲವಂತೆ. ಅಂಕಣದ ಸುತ್ತ ಹಗ್ಗ ಕಟ್ಟಿದ್ದರು. ಅವನು ಹಗ್ಗದ ಆಚೆ ನಿಂತು, ಹೊರಗೆ ಬಿದ್ದ ಚೆಂಡನ್ನು ಹೆಕ್ಕಿ ಒಳಕ್ಕೆ ಎಸೆಯುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಸಲಹೆಗಾರನ ಮಾತು ಬಿಟ್ಟು, ಸ್ಕೋರ್ ಎಷ್ಟಾಯಿತು ಎಂದು ಕೇಳಿದೆ.

ಅವನು ನನಗಾಗಿ ಹಗ್ಗ ಎತ್ತಿ ಹಿಡಿದ.

"ಇಲ್ಲಿ ಯಾಕೆ ನಿಂತ್ರಿ? ನೀವು ಒಳಗೆ ಹೋಗ್ಬಹುದು, ಸಾರ್."

ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ಸಾರ್ ಎಂದು ಕೇಳಿದ್ದು ಅದೇ ಮೊದಲು. ಒಳಗೆ ನನಗೊಂದು ಕುರ್ಚಿ ಹಾಕಿದ್ದರು. ನಾನು ಬಗ್ಗಿ, ಹಗ್ಗದ ಕೆಳಗೆ ನುಸುಳಿ ಹೋಗಿ ಕೂತುಕೊಂಡೆ.