ಹಾರ್ಟ್ ಡಾಕ್ಟರ ಮುಂದೆ ಆರಾಮ ಅಂದವಳು

ಕೊಟ್ಟೂರಿಗೆ ಬಂದ ಮೊದಲ ದಿನವೇ ನನಗೆ ಮೈ ಉರಿದುಹೋಗಿತ್ತು. ಲಾರಿಯಿಂದ ಬೇಕರಿಯ ತಗಡಿನ ಟ್ರೇಗಳನ್ನು ಇಳಿಸುತ್ತಿದ್ದೆ. ಸೊಂಟ ಬಿದ್ದುಹೋಗಿತ್ತು, ಮುಖದ ತುಂಬ ಬೆವರು. ನಾವು ಬಾಡಿಗೆಗೆ ಹಿಡಿದ ಮನೆಯ ಒಡತಿ ಕೊಟ್ರಮ್ಮ ಕಟ್ಟೆಯ ಮೇಲೆ ಕೂತುಕೊಂಡೇ ಕೇಳಿದರು: “ಏನವಾ, ಆರಾಮ?”

ನಮ್ಮ ಚನ್ನರಾಯಪಟ್ಟಣದ ಕಡೆ ಆರಾಮ ಅಂದರೆ ಕೆಲಸವಿಲ್ಲದೆ ಕಾಲು ಚಾಚಿ ಕೂರುವುದು. “ನನ್ನ ನೋಡಿದ್ರೆ ಆರಾಮಾಗಿರೋ ಹಂಗೆ ಕಾಣುತ್ತಾ ನಿಮಗೆ?” ಅಂತ ರೇಗಿಬಿಟ್ಟೆ. ಅವರು ಗಾಬರಿಯಾಗಿ, “ಯಾಕ, ಜಡ್ಡೇನು?” ಅಂದರು. ಜಡ್ಡು ಅಂದರೆ ಕಾಯಿಲೆ ಅಂತ ಗೊತ್ತಾಗಲು ಒಂದು ವಾರ ಬೇಕಾಯಿತು. ಇಲ್ಲಿ ಆರಾಮ ಅಂದರೆ ಆರೋಗ್ಯ. ಎದುರಾದವರೆಲ್ಲ ಕೇಳುತ್ತಾರೆ, ಎದುರಾದವರೆಲ್ಲ “ಆರಾಮ ಅದೀನ್ರಿ” ಅನ್ನುತ್ತಾರೆ. ಬೇರೆ ಉತ್ತರ ಕೊಟ್ಟವರನ್ನು ನಾನು ಈ ಒಂಬತ್ತು ವರ್ಷದಲ್ಲಿ ನೋಡಿಲ್ಲ.

ಹಾಸನದ ಕಡೆಯವರು ಎಲ್ಲಿಗೆ ಹೋದರೂ ಬೇಕರಿ ಇಡುತ್ತಾರೆ. ನಾವೂ ಇಟ್ಟೆವು. ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಬಿಟ್ಟು ಬೇರೆ ಮುಟ್ಟದ ಜನಕ್ಕೆ ನಮ್ಮ ಖಾರಾ ಬನ್ ಹಿಡಿಸಿತು. ನನಗೆ ಜೋಳದ ರೊಟ್ಟಿ ಹಿಡಿಸಿತು. ತಟ್ಟಲು ಕಲಿಸಿದ್ದು ಕೊಟ್ರಮ್ಮ. ನಾನು ನಿಜಕ್ಕೂ ಈ ಊರಿನವಳಾದೆ ಅನ್ನಿಸಿದ್ದು ಮಾತ್ರ, ಯೋಚಿಸದೆ ಬಾಯಿಂದ “ಆರಾಮ ಅದೀನ್ರಿ” ಬಂದ ದಿನ. ಊರಿನಿಂದ ಅವ್ವ ಫೋನ್ ಮಾಡಿದಾಗಲೂ ಅದೇ ಬಂತು. “ಆರಾಮಾಗಿದ್ದೀಯಾ? ಯಾಕೆ, ಅಂಗಡಿ ಮುಚ್ಚಿದ್ರಾ?” ಅಂದಳು ಅವ್ವ.

ಈ ವರ್ಷ ಎದೆ ಹಿಡಿಯಲು ಶುರುವಾಯಿತು. ಟ್ರೇ ಎತ್ತಿದರೆ ಯಾರೋ ಒಳಗಿನಿಂದ ಹಿಂಡಿದ ಹಾಗೆ. ನಿಂತರೆ ಬಿಡುತ್ತಿತ್ತು. “ಓವನ್ ಮುಂದೆ ನಿಂತೂ ನಿಂತೂ ಗ್ಯಾಸ್ ಆಗಿದೆ” ಅಂದ ನನ್ನ ಗಂಡ. ಮೊದಲು ತೋರಿಸಿದ ಡಾಕ್ಟರು ನಾಡಿಯನ್ನೂ ಹಿಡಿಯದೆ ಗ್ಯಾಸ್ ಅಂದರು. ಕಲ್ಯಾಣ ಮಂಟಪದಲ್ಲಿ ದೊಡ್ಡ ಆಸ್ಪತ್ರೆಯೊಂದು ಹೃದಯ ತಪಾಸಣೆ ಇಟ್ಟಿತ್ತು. ಅಲ್ಲಿಗೂ ಹೋದೆ. ಇಸಿಜಿ ತೆಗೆದರು. ಹಾಳೆ ಹಿಡಿದಿದ್ದವನು ನನ್ನ ಮುಖ ನೋಡದೆ, “ಜೊತೆಗೆ ಗಂಡಸರು ಯಾರು ಬಂದಿದ್ದಾರೆ?” ಅಂದ. ಯಾರೂ ಇಲ್ಲ ಅಂದೆ. ಹಾಗಾದರೆ ಮನೆಯ ಗಂಡಸರನ್ನು ಕಳಿಸಿ, ಅಡ್ಮಿಟ್ ಮಾಡುವ ವಿಷಯ ಅವರಿಗೇ ಹೇಳುತ್ತೇವೆ ಅಂದ. ಎದೆ ನನ್ನದು, ಹಾಳೆಯಲ್ಲಿ ಕುಣಿಯುತ್ತಿದ್ದ ಗೆರೆ ನನ್ನದು, ಮಾತು ಮಾತ್ರ ಗಂಡಸಿಗೆ! ಆ ಹಾಳೆಯನ್ನು ಅವನ ಕೈಯಿಂದ ಕಿತ್ತುಕೊಂಡು ಬಂದೆ.

ಕೊನೆಗೆ ಸರಿಯಾದ ಮಾತು ಹೇಳಿದ್ದು ಔಷಧಿ ಅಂಗಡಿಯವರು. “ಅಕ್ಕಾರ, ಇದು ಮೂರನೇ ಸಲ ನೀವು ಗ್ಯಾಸಿನ ಗುಳಿಗಿ ಒಯ್ಯಾಕ ಹತ್ತಿದ್ದು. ಹರಪನಹಳ್ಳ್ಯಾಗ ಒಬ್ರು ಹಾರ್ಟ್ ಡಾಕ್ಟ್ರು ಅದಾರ, ಸ್ವಂತ ಕ್ಲಿನಿಕ್ಕು. ತೋರಿಸ್ರಿ.” ಈ ಸಲ ಮೋಸಹೋಗಬಾರದು ಅಂತ ಮೊದಲೇ ಫೋನ್ ಮಾಡಿದೆ. ಡಾಕ್ಟರೇ ನೋಡುತ್ತಾರಾ, ಬೇರೆಯವರಾ? ಇಸಿಜಿ, ಎಕೋ ಅಲ್ಲೇ ಆಗುತ್ತಾ? ರಿಪೋರ್ಟು ನನ್ನ ಕೈಗೇ ಕೊಟ್ಟು ನನಗೇ ಹೇಳುತ್ತಾರಾ? ಫೋನ್ ಎತ್ತಿದ ಹೆಣ್ಣುಮಗಳು ಮೂರಕ್ಕೂ ಹ್ಞೂಂ ಅಂದು, “ಮತ್ತ ಯಾರಿಗೆ ಹೇಳ್ತಾರ್ರಿ?” ಅಂತ ನಕ್ಕಳು. ಅಷ್ಟು ಸಾಕಾಯಿತು.

ಗಂಡ ಅಂಗಡಿ ಬಿಟ್ಟು ಬರಲಿಲ್ಲ. ಬಸ್ಸಿನಲ್ಲಿ ಜೊತೆಗೆ ಬಂದವರು ಕೊಟ್ರಮ್ಮ. ಕ್ಲಿನಿಕ್ ಇದ್ದದ್ದು ಮಹಡಿಯ ಮೇಲೆ. ಹಾರ್ಟ್ ಡಾಕ್ಟರ ಹತ್ತಿರ ಹೋಗಲು ಕಡಿದಾದ ಇಪ್ಪತ್ತೊಂದು ಮೆಟ್ಟಿಲು, ಇದನ್ನು ಕಟ್ಟಿದವನ ತಲೆಯಲ್ಲಿ ಏನಿತ್ತೋ! ನಾನು ಬೈದುಕೊಳ್ಳುತ್ತ ಹತ್ತಿದೆ. ಕೊಟ್ರಮ್ಮ ಎರಡು ಕಡೆ ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡರು. ಇಲ್ಲಿ ಯಾರಿಗೆ ತೋರಿಸಬೇಕು ಈ ನೆರಿಗೆ ಅಂತ ಅವರ ಮೇಲೂ ಸಿಟ್ಟು ಬಂತು.

ಡಾಕ್ಟರು ಐವತ್ತರ ಆಸುಪಾಸಿನವರು. “ಬರ್ರಿ, ಕುಂದರ್ರಿ. ಆರಾಮ ಅದೀರಿ?” ಅಂದರು.

“ಆರಾಮ ಅದೀನ್ರಿ,” ಅಂದೆ.

ಅವರು ತಲೆಯಾಡಿಸಿ ಪೆನ್ನು ಎತ್ತಿಕೊಂಡರು. ತಿಂಗಳುಗಟ್ಟಲೆ ಅಲೆದು, ಜಗಳವಾಡಿ, ಇಪ್ಪತ್ತೊಂದು ಮೆಟ್ಟಿಲು ಹತ್ತಿ ಬಂದು ನಾನು ಹೇಳಿದ್ದು ಅದೊಂದು ಮಾತು. ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸಿತು.

“ನಿಂದರ್ರಿ ಸಾಹೇಬ್ರ, ಬರೀಬ್ಯಾಡ್ರಿ!” ಕೊಟ್ರಮ್ಮ ಕೂಗಿದರು. “ಈಕಿ ಸುಳ್ಳು ಹೇಳಾಕ ಹತ್ಯಾಳ. ಒಜ್ಜೆ ಎತ್ತಿದ್ರ ಎದಿ ಹಿಡೀತೈತಿ, ನಾಕ ಹೆಜ್ಜಿ ನಡದ್ರ ದಮ್ಮು ಬರ್ತೈತಿ, ಎಡಗೈ ಜೋಮು ಹಿಡೀತೈತಿ.”

ನನಗೆ ಎಡಗೈ ಜೋಮು ಹಿಡಿದೇ ಇರಲಿಲ್ಲ. ನನಗಾಗಿ ಸ್ವಲ್ಪ ಹೆಚ್ಚಿಗೆ ಹೇಳಿದರು ಅಂದುಕೊಂಡೆ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಎದಿ ಹಿಡಕೊಂಡು ಬಂದೋರೂ ಮೊದ್ಲು ಆರಾಮ ಅಂತಾರ್ರಿ. ಸಾಕಾಗೈತಿ ನನಗ.”

“ಮತ್ತೆ ಯಾಕೆ ಸಾರ್ ಹಂಗೆ ಕೇಳ್ತೀರ?” ನನ್ನ ದನಿ ಹೊರಗಿನ ಬೆಂಚಿನವರಿಗೂ ಕೇಳಿಸಿರಬೇಕು. “ಹುಷಾರಿಲ್ಲ ನಂಗೆ. ಹುಷಾರಿಲ್ಲ ಅಂತಾನೇ ಬಂದಿರೋದು. ಎದೆ ಹಿಂಡುತ್ತೆ. ಗ್ಯಾಸಲ್ಲ ಇದು. ಭಯ ಆಗುತ್ತೆ ಸಾರ್.” ಒಂಬತ್ತು ವರ್ಷದ ಕೊಟ್ಟೂರಿನ ಮಾತು ಆಗ ಎಲ್ಲಿ ಹೋಯಿತೋ, ಬಂದದ್ದೆಲ್ಲ ಅವ್ವನ ಮನೆಯ ಮಾತು. ಅತ್ತೂಬಿಟ್ಟೆ.

“ತಪ್ಪು ನಂದ,” ಅಂದರು ಡಾಕ್ಟರು. “ಡಾಕ್ಟ್ರು ಕೇಳೂ ಮಾತಲ್ಲ ಅದು.” ಆಮೇಲೆ ಅರ್ಧ ಗಂಟೆ ನನ್ನನ್ನೇ ಕೇಳಿದರು, ನನಗೇ ಹೇಳಿದರು. ಇಸಿಜಿ, ಎಕೋ ಎರಡೂ ತೆಗೆದರು. ಹೃದಯಕ್ಕೆ ರಕ್ತ ಹೋಗುವ ದಾರಿ ಎಲ್ಲೋ ಕಟ್ಟಿರಬಹುದು, ಗುಳಿಗೆ ಇವತ್ತಿನಿಂದಲೇ ಶುರು, ಒಂದು ವಾರದೊಳಗೆ ಆಂಜಿಯೋಗ್ರಾಮ್ ಆಗಬೇಕು, ಭಾರ ಎತ್ತಕೂಡದು ಅಂದರು. “ದಾವಣಗೆರಿಗೆ ಹೋಗ್ರಿ, ಇಲ್ಲಾ ನಿಮ್ಮೂರ ಹತ್ರ ಮಾಡಿಸ್ರಿ. ನೀವ ಆರಿಸ್ರಿ.” ನಿಮ್ಮೂರು ಅಂದಾಗ ಈಗ ಯಾವುದು ನನ್ನೂರು ಅಂತ ಲೆಕ್ಕ ಹಾಕಿದೆ. ದಾವಣಗೆರೆ ಅಂತ ಬರೆಸಿಕೊಂಡೆ.

ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಕಟ್ಟೆಯ ಮೇಲಿದ್ದ ಕೊಟ್ರಮ್ಮ ಎಂದಿನಂತೆ ಕೇಳಿದರು: “ಏನವಾ, ಆರಾಮ?”

“ಇಲ್ಲ,” ಅಂದೆ. ಸಿಟ್ಟಿನಿಂದಲೇ ಅಂದೆ.

ಅವರು ಬಲಗೈಯಿಂದ ಎಡಗೈಯನ್ನು ಒತ್ತಿ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ, “ನನಗೂ ಇಲ್ಲ ನೋಡವಾ,” ಅಂದರು.

ನಿನ್ನೆ ಹೇಳಿದ ಜೋಮು, ದಮ್ಮು, ಮೆಟ್ಟಿಲಿನಲ್ಲಿ ನಿಂತು ಸರಿಮಾಡಿಕೊಂಡ ನೆರಿಗೆ, ಎಲ್ಲದರ ಅರ್ಥ ಒಟ್ಟಿಗೆ ಹೊಳೆಯಿತು. “ಎಷ್ಟು ದಿನದಿಂದ?”

“ಹ್ವಾದ ಉಗಾದಿಯಿಂದ.”

“ನಾನು ದಿನಾ ಕೇಳ್ತಿದ್ದೆನಲ್ಲ!”

“ಕೇಳ್ತಿದ್ದಿ. ನಾನೂ ಆರಾಮ ಅಂತಿದ್ದೆ.”

ತಂಬಿಗೆಯನ್ನು ಅಲ್ಲೇ ಕುಕ್ಕಿ ಕ್ಲಿನಿಕ್ಕಿಗೆ ಫೋನ್ ಹಚ್ಚಿದೆ. ಅದೇ ಹೆಣ್ಣುಮಗಳು ಎತ್ತಿದಳು. ಹೆಸರು ಕೇಳಿದಳು, ಕೊಟ್ರಮ್ಮ ಅಂದೆ. ಏನು ತೊಂದರೆ ಅಂದಳು. ಹುಷಾರಿಲ್ಲ ಅನ್ನಲು ಬಾಯಿ ತೆರೆದೆ, ಅದು ಬರಲಿಲ್ಲ. ನಿನ್ನೆ ನನ್ನ ನೋವಿಗೆ ನನ್ನೂರಿನ ಮಾತು ಬಂದಿತ್ತು. ಇವರ ನೋವಿಗೆ ಇವರೂರಿನ ಮಾತೇ ಬಂತು.

“ಆರಾಮ ಇಲ್ರಿ,” ಅಂದೆ.