ಫ್ಲೆಕ್ಸಿಗೇರಿದ ಬ್ಯಾಂಡ್‌ಸೆಟ್ಟು

ವ್ಯಾಪಾರ ಬಿದ್ದುಹೋಗಿದ್ದ ಆ ವರ್ಷ ಹುಣಸೂರಿನ ನನ್ನ ಸ್ಟುಡಿಯೋದಲ್ಲಿ ನೊಣ ಹೊಡೆಯುವುದೇ ಕೆಲಸವಾಗಿತ್ತು. ಮದುವೆಗಳು ಮನೆಯಂಗಳಕ್ಕೆ ಇಳಿದು, ಫೋಟೋ ಮೊಬೈಲಿನಲ್ಲೇ ಮುಗಿಯುತ್ತಿತ್ತು. ಆಗ ಬೆಂಗಳೂರಿನ ಪತ್ರಿಕೆಯೊಂದರವರು ಕಷ್ಟಕಾಲದ ಪೇಟೆಯ ಚಿತ್ರಗಳು ಬೇಕೆಂದರು. ಮುಖದಲ್ಲಿ ಸಂಕಟ ಕಾಣಬೇಕು ಎಂದು ಒತ್ತಿ ಹೇಳಿದರು.

ನಮ್ಮ ಕಡೆಯ ಜನ ಅವರಿಗೆ ಗೊತ್ತಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಅಂಗಡಿ ಮುಚ್ಚಿ ಕೂತವನೂ ತಲೆ ಬಾಚಿಕೊಂಡು, ಕೈ ಇಳಿಬಿಟ್ಟು, ನೆಟ್ಟಗೆ ನಿಲ್ಲುತ್ತಾನೆ. ಸಂಕಟವನ್ನು ಎಲ್ಲಿಂದ ತರಲಿ?

ಬ್ಯಾಂಡ್ ಮಾಸ್ಟರ್ ಮನೆಗೆ ಹೋದೆ. ಎಷ್ಟೋ ಮದುವೆಗಳಲ್ಲಿ ಜೊತೆಗೆ ದುಡಿದವರು ನಾವು. ಕ್ಲಾರಿನೆಟ್ಟಿನವರು ಟೊಮೆಟೊ ಗಾಡಿ ತಳ್ಳುತ್ತಿದ್ದರು, ಡ್ರಮ್ಮಿನವರು ಗಾರೆ ಕೆಲಸಕ್ಕೆ ಸೇರಿದ್ದರು. ಭಾನುವಾರ ಗುಜರಿಯವನು ಬಂದು ವಾದ್ಯಗಳನ್ನು ಹಿತ್ತಾಳೆ ತೂಕಕ್ಕೆ ಒಯ್ಯುವುದೆಂದು ಮಾತಾಗಿತ್ತು.

"ಅಷ್ಟ್ರೊಳ್ಗೆ ಒಂದ್ ಮದ್ವೆ ಗೊತ್ತಾದ್ರೂ ಕೊಡಾಕಿಲ್ಲ ಕಣವ್ವ," ಎಂದರು ಮಾಸ್ಟರು.

ತುತ್ತೂರಿ ಪಕ್ಕ ಸುಮ್ಮನೆ ಕೂತುಕೊಳ್ಳಿ ಎಂದೆ. "ಇರವ್ವ" ಎಂದು ಒಳಗೆ ಹೋದವರು ಜರಿಪಟ್ಟಿಯ ಕೆಂಪು ಕೋಟು ತೊಟ್ಟು ಬಂದರು. ಉಳಿದವರಿಗೂ ಹೇಳಿಕಳಿಸಿದರು. ಅಷ್ಟೂ ಜನ ಕೆಂಪು ಕೋಟಿನಲ್ಲಿ, ಶಟರ್ ಎಳೆದ ಅಂಗಡಿಸಾಲಿನ ಮುಂದೆ, ಎದೆ ಸೆಟೆದು ನಿಂತರು.

"ಕೊನೇ ಪಟ. ಸಂದಾಗಿ ತೆಗಿಯವ್ವ."

ತೆಗೆದೆ. ಪತ್ರಿಕೆಯವರು, ಇದರಲ್ಲಿ ಕಷ್ಟವೇ ಕಾಣುವುದಿಲ್ಲ ಎಂದು ಬೇಡವೆಂದರು. ನನಗೆ ಪಿತ್ತ ನೆತ್ತಿಗೇರಿತು. ಮರಿ ಲೀಡರುಗಳ ಹುಟ್ಟುಹಬ್ಬಕ್ಕೆಲ್ಲ ಆಳೆತ್ತರದ ಫ್ಲೆಕ್ಸು ಕಟ್ಟುವ ಊರು ನಮ್ಮದು, ಇವರೇನು ಕಡಿಮೆ? ಅದೇ ಪಟವನ್ನು ಫ್ಲೆಕ್ಸು ಮಾಡಿಸಿ, ಬಸ್‌ಸ್ಟ್ಯಾಂಡಿಗೆ ಎದುರಾಗಿರುವ ನನ್ನ ಸ್ಟುಡಿಯೋ ಮುಂದೆ ಕಟ್ಟಿದೆ.

"ಯಾವ ಎಲೆಕ್ಷನ್‌ಗೆ ನಿಂತವ್ರಕ್ಕಾ?" ಎಂದು ಆಟೋದವರು ಕಿಚಾಯಿಸಿದರು. ನಗಲಿ, ನೋಡಿದರಲ್ಲ.

ಶುಕ್ರವಾರ ರಾವಂದೂರಿನ ಬಸ್ಸಿಳಿದ ಹೆಂಗಸೊಬ್ಬರು ಫ್ಲೆಕ್ಸಿನ ಮುಂದೆ ನಿಂತೇ ಬಿಟ್ಟರು.

"ಇವ್ರು ಬ್ಯಾಂಡ್ ಬುಟ್ಟೇಬುಟ್ರು ಅಂತಿದ್ರು ಎಲ್ಲಾ. ಇನ್ನೂ ಅವ್ರಾ?"

"ಅವ್ರೆ ಕಣವ್ವ."

"ಭಾನುವಾರ ಮಗಳ ಮದ್ವೆ. ಚಿಕ್ದಾಗೇ ಮಾಡ್ತಾ ಇವ್ನಿ. ಆದ್ರೂ ಒಂದ್ ಸದ್ದಿಲ್ದೆ ಎಂಗವ್ವ ಕಳ್ಸೋದು?"

ಅವರನ್ನು ಕೈಹಿಡಿದೇ ಮಾಸ್ಟರ್ ಮನೆಗೆ ಕರೆದೊಯ್ದೆ.

ಭಾನುವಾರ ರಾವಂದೂರಿನ ಬೀದಿಯಲ್ಲಿ ಮೆರವಣಿಗೆ. ಕರೆಯದಿದ್ದರೂ ಕ್ಯಾಮೆರಾ ಹಿಡಿದು ಹೋಗಿದ್ದೆ. ಎಷ್ಟೋ ತಿಂಗಳು ತುಟಿಗೆ ತಾಗದ ವಾದ್ಯಗಳು, ಮೊದಲಿಗೆ ಸ್ವರ ಎಡವಿದವು, ಆಮೇಲೆ ಊರೇ ಕುಣಿಯಿತು. ಎದುರಿನಿಂದ ಒಂದು ಗೂಡ್ಸ್ ಆಟೋ ಬಂತು. ಮಾಸ್ಟರ್ ಮನೆಗೆ ಬೀಗ ಕಂಡ ಗುಜರಿಯವನು ತಕ್ಕಡಿ ಸಮೇತ ಹುಡುಕಿಕೊಂಡು ಬಂದಿದ್ದ. ಮಾಸ್ಟರು ಅವನನ್ನು ನೋಡಿದರು. ತುತ್ತೂರಿಯನ್ನು ಬಾಯಿಂದ ತೆಗೆಯಲಿಲ್ಲ, ಕೆನ್ನೆ ಇನ್ನಷ್ಟು ಉಬ್ಬಿಸಿ ಅವನತ್ತಲೇ ಊದುತ್ತಾ ನಡೆದರು. ಬೀದಿ ಕಿರಿದು. ಅವನ ಖಾಲಿ ಗಾಡಿ ಬ್ಯಾಂಡಿಗೆ ದಾರಿ ಬಿಡುತ್ತಾ, ರಿವರ್ಸಿನಲ್ಲಿ ಊರಾಚೆಯವರೆಗೂ ಹೋಯಿತು. ಪಟ ತೆಗೆಯುವಾಗ ನಾನು ಜೋರಾಗಿ ನಗುತ್ತಿದ್ದೆ. ಪಟ ಮಾತ್ರ ಒಂದಿಷ್ಟೂ ಅಲ್ಲಾಡಿಲ್ಲ.